ಹುಳಿ ಇಳಿಯುವವರೆಗೆ

ಚಟೀರ್!

ಮೂರು ಕಿಲೋದ ಅಂಜಲ್ ಮೀನಿನಿಂದ ಕೆನ್ನೆಗೆ ಹೊಡೆಸಿಕೊಂಡ ಗಂಡಸರು ಬೈಂದೂರು ಸೀಮೆಯಲ್ಲಿ ಎಷ್ಟು ಮಂದಿ ಇದ್ದಾರೋ ನನಗೆ ಗೊತ್ತಿಲ್ಲ. ಯತೀಶ್ ಒಬ್ಬ ಇದ್ದಾನೆ. ಅದಕ್ಕೆ ನಾನು ಗ್ಯಾರಂಟಿ!

ಹೊಡೆದವಳು ಮೋಕ್ಷಿತಾ, ಉಪ್ಪುಂದದ ಮೀನು ವ್ಯಾಪಾರದ ಹೆಣ್ಣು. ಬಾಲ ಹಿಡಿದು ಬೀಸಿದ ರಭಸಕ್ಕೆ ಮೀನಿನ ರೆಕ್ಕೆ ಅವನ ಕೆನ್ನೆ ಸೀಳಿತು. ಬಿಳಿ ಅಂಗಿಯ ಮೇಲೆ ರಕ್ತ ತೊಟ್ಟಿಕ್ಕಿತು.

"ಇನ್ನೊಂದ್ ಸಲ ಹೇಳಿ ಕಾಂಬ! ನನ್ ಮೀನಿಗೆ ಸೀಮೆಎಣ್ಣಿ ವಾಸ್ನಿ ಅಂತ ಇನ್ನೊಂದ್ ಸಲ ಬಾಯ್ ಬಿಡಿ, ಹಲ್ಲ್ ಉದುರ್ಸ್ತೆ!"

ಬೆಳಿಗ್ಗೆ ಎಂಟು ಗಂಟೆ. ಬೈಂದೂರಿನ ಕಡಲ ಬದಿಯ ರೆಸಾರ್ಟ್ ಒಂದರ ಅಡುಗೆಮನೆ. ಸ್ಕೂಟಿಯಲ್ಲಿ ಮೀನಿನ ಪೆಟ್ಟಿಗೆ ಹೇರಿಕೊಂಡು ಬಂದವಳು ಹಿಂಬಾಗಿಲು ದಾಟುವಾಗಲೇ ಆ ಮಾತು ಕಿವಿಗೆ ಬಿದ್ದಿತ್ತು. "ಆಹಾ... ಸೀಮೆಎಣ್ಣೆ! ಎಂಥ ಸೀಮೆಎಣ್ಣೆ ವಾಸನೆ!"

ಮೀನು ಮಾರುವವರನ್ನು ಏನು ಬೇಕಾದರೂ ಬೈಯಿರಿ, ತಿರುಗಿ ಎರಡು ಬೈದು ಸುಮ್ಮನಾಗುತ್ತಾರೆ. ಸೀಮೆಎಣ್ಣೆಯ ಮಾತು ಮಾತ್ರ ಎತ್ತಬಾರದು. ದೋಣಿಯ ಎಂಜಿನ್ನಿನ ಕ್ಯಾನು ಸೋರಿ ಮೀನಿಗೆ ತಾಗಿದೆ ಅಂತ ಒಬ್ಬ ಹೇಳಿದರೆ ಸಾಕು, ಆ ಹೆಂಗಸಿನ ಬುಟ್ಟಿಯ ಹತ್ತಿರ ಮತ್ತೆ ಯಾರೂ ಸುಳಿಯುವುದಿಲ್ಲ. ಅಂಥದ್ದರಲ್ಲಿ ಇವನು ಕುಣಿದುಕೊಂಡು ಕೂಗುತ್ತಿದ್ದಾನೆ!

ಯತೀಶ್ ಕೆನ್ನೆ ಒರೆಸಿಕೊಂಡ. ರಕ್ತ ನೋಡಿದ. ಆಮೇಲೆ... ನಕ್ಕ! ಪಾಪ, ಅವನ ಗ್ರಹಚಾರ ಶುರುವಾದದ್ದೇ ಆ ನಗುವಿನಿಂದ.

"ಹ್ವಾಯ್, ನಿಮ್ ಮೀನಿಗಲ್ಲ ಮಾರಾಯ್ರೆ! ಇದಕ್ಕೆ ಹೇಳಿದ್ದ್!"

ಅವನ ಕೈಯಲ್ಲಿ ಉದ್ದ ಕಾಲಿನ ಗಾಜಿನ ಲೋಟ. ಅದರ ತಳದಲ್ಲಿ ಒಣಹುಲ್ಲಿನ ಬಣ್ಣದ ಏನೋ ಇತ್ತು.

"ಬಿಳಿ ವೈನ್. ರೀಸ್ಲಿಂಗ್ ಅಂತ ಹೆಸ್ರ್. ವರ್ಷಗಟ್ಲೆ ಮಲ್ಗ್ಸಿ ಇಟ್ರೆ ಹೀಂಗೇ ಸೀಮೆಎಣ್ಣಿ ವಾಸ್ನಿ ಬತ್ತ್. ಅದೇ ಅದ್ರ ಗೌರವ. ನಂಬೂದಿಲ್ಯಾ? ಮೂಸಿ ಕಾಣಿ."

'ಹೆಂಡ!' ಮೋಕ್ಷಿತಾ ಒಂದು ಹೆಜ್ಜೆ ಹಿಂದೆ ಸರಿದಳು. ಅಪ್ಪ ನಾಗನ ಉಸಿರಿನಲ್ಲಿ ಬರುತ್ತಿದ್ದದ್ದು ಇದೇ ಅಲ್ಲವೇ? ಕುಡಿದು ಬಂದು ಅಮ್ಮನ ಜುಟ್ಟು ಹಿಡಿದು ಗೋಡೆಗೆ ಬಡಿಯುತ್ತಿದ್ದ ಅಪ್ಪ... ಒಂದು ದಿನ ಕುಡಿದೇ ಎರಡು ದೋಣಿಗಳ ನಡುವೆ ಬಿದ್ದು ಸತ್ತ ಅಪ್ಪ... ಅಮ್ಮನೂ ಹೆಚ್ಚು ದಿನ ಉಳಿಯಲಿಲ್ಲ. ಆ ಚಿತೆಯ ಮುಂದೆಯೇ ಅಣ್ಣ ಸುಧೀರ್ ತಂಗಿಯ ಕೈ ಹಿಡಿದು ಆಣೆ ಹಾಕಿಸಿದ್ದ, ಈ ಮನೆಯವರ ಗಂಟಲಲ್ಲಿ ಒಂದು ತೊಟ್ಟೂ ಇಳಿಯಬಾರದೆಂದು.

ಆದರೆ ಮೂಗಿಗೆ ಆಣೆ ಹಾಕಿಸಿರಲಿಲ್ಲ ನೋಡಿ!

ಅವಳು ಬಗ್ಗಿ ಮೂಸಿದಳು. ಕಿವಿರು ಎತ್ತಿ ಒಮ್ಮೆ ಮೂಸಿದರೆ ಮೀನು ಯಾವಾಗ ಬಲೆಗೆ ಬಿತ್ತು ಅಂತ ಹೇಳುವ ಮೂಗು ಅದು.

"ಸೀಮೆಎಣ್ಣಿಯೇ... ಹೌದ್. ಆದ್ರೆ ಅದ್ರ ಹಿಂದೆ ಬಿಂಬುಳಿಕಾಯಿ ಹುಳಿ ಇತ್ತ್. ಅದ್ರೂ ಹಿಂದೆ ಜೇನ್. ಮತ್ತೆ... ಸುಟ್ಟ ಚಿಪ್ಪಿಗೆ ನೀರ್ ಹಾಕ್ರೆ ಸುಣ್ಣ ಬುಸ್ ಅಂತಲ್ದಾ, ಆಗ ಬಪ್ಪ ವಾಸ್ನಿ."

ಯತೀಶನ ನಗು ನಿಂತೇ ಹೋಯಿತು. ಏಳು ವರ್ಷ ವಿದೇಶದ ಪ್ರವಾಸಿ ಹಡಗಿನಲ್ಲಿ ವೈನ್ ಬಡಿಸಿದವನು, ಈಗ ಈ ರೆಸಾರ್ಟಿನ ವೈನಿಗೆಲ್ಲ ಅವನೇ ಯಜಮಾನ. ಆ ಸುಣ್ಣದ ವಾಸನೆ ಹಿಡಿಯಲು ಅವನಿಗೆ ಮೂರು ವರ್ಷ ಬೇಕಾಗಿತ್ತು.

"ನೀವ್... ಇದನ್ನ ಕಲೀತ್ರಾ?" ಎಂದ, ಕೆನ್ನೆಯ ರಕ್ತವನ್ನೂ ಮರೆತು.

"ನಾ ಕುಡುದಿಲ್ಲ!"

"ಕುಡುದ್ ಬ್ಯಾಡ. ಬಾಯಲ್ಲಿ ತಿರ್ಗ್ಸಿ ಉಗೀನಿ. ಕಲಿಯುವವ್ರೆಲ್ಲ ಹಾಂಗೇ ಮಾಡುದ್."

ಉಗಿಯುವುದಾದರೆ ಸರಿ! ಗಂಟಲು ದಾಟದಿದ್ದರೆ ಆಣೆ ಮುರಿಯುವುದೆಲ್ಲಿಂದ?

*

ಹೀಗೆ ಶುರುವಾಯಿತು ಪಾಠ. ವಾರಕ್ಕೆ ಎರಡು ದಿನ, ಮೀನು ಕೊಟ್ಟ ಮೇಲೆ ಅರ್ಧ ಗಂಟೆ.

ಮೊದಲ ದಿನ ಅವಳು ಲೋಟವನ್ನು ಚಾದ ಲೋಟ ಹಿಡಿದಂತೆ ಹಿಡಿದಳು. "ಅಯ್ಯೋ, ಕೈ ಬಿಸಿ ತಾಗ್ತ್! ಕಾಲ್ ಹಿಡೀನಿ, ಕಾಲ್!" ಎಂದು ಅವನು ಕೂಗಿದ. ಅವಳು ಬಗ್ಗಿ ಅವನ ಕಾಲು ನೋಡಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡೇ ತಿಂಗಳಲ್ಲಿ ಅವಳಿಗೆ ಹುಚ್ಚು ಹಿಡಿಯಿತು. ನಾಸಿಕದ ಬಿಳಿ ವೈನಿನಲ್ಲಿ ಹಸಿ ಗೇರುಹಣ್ಣು, ಫ್ರಾನ್ಸಿನದರಲ್ಲಿ ಕಡಲ ಬದಿಯ ಒದ್ದೆ ಕಲ್ಲು. ಒಮ್ಮೆ ಯತೀಶ್ ಭಾರೀ ಹೆಮ್ಮೆಯಿಂದ ತೆಗೆದ ಬಾಟ್ಲಿಯನ್ನು ಮೂಸಿ, "ಥೂ, ಬೂಷ್ಟ್ ಹಿಡ್ದ ಗೋಣಿ!" ಎಂದಳು. ಅವನು ಒಪ್ಪಲಿಲ್ಲ. ಅರ್ಧ ಗಂಟೆ ಬಿಟ್ಟು ಮೂಸಿದರೆ ಗೋಣಿಯೇ! ಬಿರಡೆ ಕೆಟ್ಟಿತ್ತು.

ಆಮೇಲೆ ಕೂಡಿಡುವ ಆಸೆ. ಮನೆಯ ಹಿಂದೆ ಅಜ್ಜನ ಕಾಲದ ಐಸ್ ಕೋಣೆ ಇತ್ತು. ಗೋಡೆಯ ತುಂಬ ಉಮಿ ತುಂಬಿದ, ಈಗ ಯಾರೂ ಕಾಲಿಡದ ತಣ್ಣನೆ ಕತ್ತಲ ಕೋಣೆ. ಅಲ್ಲಿ ಮೀನಿನ ಪೆಟ್ಟಿಗೆಗಳನ್ನು ತೊಳೆದು ಜೋಡಿಸಿ, ಒಂದೊಂದಾಗಿ ಹನ್ನೊಂದು ಬಾಟ್ಲಿ ಮಲಗಿಸಿದಳು. ಮಧ್ಯಾಹ್ನ ಅಣ್ಣ ಬಂದರಿನಲ್ಲಿರುವಾಗ ಯತೀಶ್ ಬಂದು ನೋಡಿಹೋಗುತ್ತಿದ್ದ. ಆ ಕತ್ತಲಲ್ಲಿ ಅವರಿಬ್ಬರೂ ಬಾಟ್ಲಿಗಳ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ಮನಸ್ಸಿನ ಮಾತು ಒಂದೂ ಹೊರಗೆ ಬರಲಿಲ್ಲ.

'ಇವ್ರ್ ಬರುವ ದಿನ ನಾನ್ಯಾಕೆ ಎರಡು ಸಲ ಸಾಬೂನು ಹಚ್ತೆ?' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಹನ್ನೊಂದರಲ್ಲಿ ಒಂದು ಮಾತ್ರ ಬೇರೆ. ಇಬ್ಬರೂ ಸೇರಿ ಕೊಂಡದ್ದು. ಇನ್ನೂ ಎಳೆಯದು, ಅದರ ಜೋಡಿ ಬಾಟ್ಲಿ ತೆರೆದು ಬಾಯಿಗಿಟ್ಟಾಗ ಹಲ್ಲು ಚುಳ್ಳೆನ್ನುವಷ್ಟು ಹುಳಿ ಇತ್ತು.

ಆ ಬಾಟ್ಲಿಯ ಬಗ್ಗೆ ಅವಳು ಯತೀಶನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಬಾವಿಕಟ್ಟೆಯ ಬಳಿ ಮೀನು ಕೊಯ್ಯುತ್ತಿದ್ದ ಜಲಜ ಚಿಕ್ಕಮ್ಮನ ಕೈ ಗಕ್ಕನೆ ನಿಂತಿತು. ಅಮ್ಮ ಸತ್ತ ಮೇಲೆ ಮನೆ ನಡೆಸುತ್ತಿದ್ದವಳು ಆಕೆಯೇ.

"ಹ್ಞೂಂ... ಯಾರಿಗೂ ಹೇಳ್ಲಿಲ್ಲ. ಅಣ್ಣಂಗೆ ಗೊತ್ತಾರೆ ಕೊಂದೇ ಹಾಕ್ತ... ಹೌದ್ ಮಾರಾಯ್ರೆ, ಈಗೀಗ ಹುಳಿ ಅಂದ್ರೆ ನಂಗೆ ಜೀವ! ಬೆಳಿಗ್ಗೆ ಎದ್ದ್ ಬಾಯಿಗ್ ಹಾಕ್ದೆ, ಉಗ್ದೆ... ಎಂತ? ಇನ್ನೂ ಒಂಬತ್ತ್ ತಿಂಗ್ಳಾ? ಅಷ್ಟೂ ದಿನ ಮಲ್ಕಂಡೇ ಇರ್ಕಾ? ಅಲ್ಲಾಡುಕೇ ಆಗ ಅಲ್ದಾ?... ಹ್ಞಾಂ, ನಮ್ಮಿಬ್ರದ್ದ್ ಮೊದಲ್ನೇದ್ ಅಲ್ದಾ, ಜಾಗ್ರತಿ ಮಾಡ್ತೆ."

ನೀವೇ ಹೇಳಿ, ಚಿಕ್ಕಮ್ಮ ಇನ್ನೇನು ತಿಳಿದುಕೊಳ್ಳಬೇಕು? ಬೆಳಿಗ್ಗೆ ಎದ್ದು ಹಿತ್ತಲಲ್ಲಿ ಥೂ ಥೂ ಎಂದು ಉಗಿಯುವುದನ್ನು ಆಕೆ ಕಣ್ಣಾರೆ ಕಂಡಿದ್ದಳು. ಹುಳಿಯ ಬಯಕೆ ಬೇರೆ!

"ದೇವ್ರೇ... ಹೆಣ್ಣ್ ಬಸ್ರಿ!"

ಮಾತು ಸಂಜೆಯೊಳಗೆ ಸುಧೀರನ ಕಿವಿಗೆ ಬಿತ್ತು. ಅವನು ಆ ರಾತ್ರಿ ಉಣ್ಣಲಿಲ್ಲ, ತಂಗಿಯ ಮುಖ ನೋಡಲಿಲ್ಲ.

*

ಮರುದಿನ ಮಧ್ಯಾಹ್ನ ಎರಡು ಗಂಟೆ. ಐಸ್ ಕೋಣೆಯಲ್ಲಿ ಯತೀಶ್ ಬಗ್ಗಿ ಬಾಟ್ಲಿಯ ಬಿರಡೆ ನೋಡುತ್ತಿದ್ದ. ಮೋಕ್ಷಿತಾ ಟಾರ್ಚ್ ಹಿಡಿದಿದ್ದಳು.

ಬಾಗಿಲು ಧಡಾರೆಂದು ತೆರೆಯಿತು.

ಸುಧೀರ್! ಕೈಯಲ್ಲಿ ಐಸ್ ಒಡೆಯುವ ಮರದ ಕೊಡತಿ. ಕಣ್ಣು ಕೆಂಪಾಗಿತ್ತು.

'ಮುಗೀತು... ವೈನ್ ಕಂಡೇಬಿಟ್ಟ!' ಮೋಕ್ಷಿತಾ ಟಾರ್ಚನ್ನು ಬೆನ್ನ ಹಿಂದೆ ಅಡಗಿಸಿದಳು.

"ಇದಕ್ಕೆಲ್ಲ ಕಾರಣ ನೀನೇ ಅಲ್ದನಾ?" ಸುಧೀರ್ ಹಲ್ಲು ಕಚ್ಚಿ ಕೇಳಿದ.

ಯತೀಶ್ ಎದ್ದುನಿಂತ. ಅವಳ ಆಣೆಯ ವಿಷಯ ಅವನಿಗೆ ಗೊತ್ತಿತ್ತು. 'ಬೈಗುಳ ಎಲ್ಲ ನನಗೇ ಬೀಳಲಿ, ಅವಳಿಗೆ ಬೇಡ' ಎಂದುಕೊಂಡ.

"ಹೌದ್. ನಾನೇ. ಅವ್ರದ್ದ್ ಎಂತ ತಪ್ಪಿಲ್ಲ. ಸುರುವಿಗೆ ಬ್ಯಾಡ ಅಂದ್ರ್, ನಾನೇ ಅಭ್ಯಾಸ ಮಾಡ್ಸಿದ್ದ್."

"ಅಭ್ಯಾಸ?" ಸುಧೀರನ ಧ್ವನಿ ಸೀಳಿತು. "ಎಷ್ಟ್ ದಿನದಿಂದ?"

"ನಾಲ್ಕ್ ತಿಂಗ್ಳಾಯ್ತ್. ವಾರಕ್ಕೆ ಎರಡ್ ಸಲ."

"ಅಣ್ಣ, ಅವ್ರಿಗೆ ಬೈಬ್ಯಾಡ!" ಮೋಕ್ಷಿತಾ ನಡುವೆ ಬಂದಳು. "ನಾನೇ ಇಷ್ಟಪಟ್ಟ್ ಮಾಡಿದ್ದ್. ನಂಗೆ ಖುಷಿ ಆತಿತ್ತ್!"

ಅಯ್ಯೋ ಹೆಣ್ಣೇ... ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿರಲಿಲ್ಲವೇ?

ಸುಧೀರ್ ಅವಳನ್ನು ಒಂದೇ ಕೈಯಲ್ಲಿ ಬದಿಗೆಸೆದ. ಮರುಕ್ಷಣ ಅವನ ಮುಷ್ಟಿ ಯತೀಶನ ಮುಖಕ್ಕೆ ಬಿತ್ತು. ಮೂಗಿನ ಎಲುಬು ಕಟಕ್ಕೆಂದ ಸದ್ದು ಅವಳಿಗೆ ಕೇಳಿಸಿತು. ಎರಡನೇ ಏಟಿಗೆ ಅವನ ಹಿಂದಲೆ ಗೋಡೆಗೆ ಬಡಿಯಿತು. ಜುಟ್ಟು ಹಿಡಿದು ಮತ್ತೆ ಬಡಿದ. ಮತ್ತೆ. ಮತ್ತೆ. ಗೋಡೆಯ ಮೇಲೆ ರಕ್ತದ ಕಲೆ ದೊಡ್ಡದಾಗುತ್ತ ಹೋಯಿತು. ಅಪ್ಪ ಅಮ್ಮನನ್ನು ಬಡಿಯುತ್ತಿದ್ದದ್ದೂ ಹೀಗೆಯೇ, ಇದೇ ಕೈ ಬೀಸು!

"ಅಣ್ಣಾ, ಬಿಡ್! ಸಾಯ್ತ್ರ್ ಅವ್ರ್!"

"ಸಾಯ್ಲಿ!" ಕೊಡತಿ ಮೇಲೆದ್ದಿತು. ಮೊದಲ ಬೀಸು ಪೆಟ್ಟಿಗೆಗಳಿಗೆ. ಹನ್ನೊಂದು ಬಾಟ್ಲಿಗಳೂ ಒಂದರ ಮೇಲೊಂದು ಸಿಡಿದವು. ಗಾಜು ಹಾರಿ ಅವಳ ಹಣೆ ಕೊಯ್ದಿತು. ನೆಲದ ಮೇಲೆ ಹರಿದ ವೈನಿಗೆ ಯತೀಶನ ರಕ್ತ ಸೇರಿತು.

"ಇವ್ನನ್ನ ಕೊಂದ್, ನಿನ್ ಹೊಟ್ಟೇಲಿಪ್ಪುದನ್ನೂ ನಾಳೆಯೇ ತೆಗ್ಸ್ತೆ!"

ಹೊಟ್ಟೆಯಲ್ಲಿ?

ಒಂದು ಕ್ಷಣ ಅವಳಿಗೆ ಅರ್ಥವೇ ಆಗಲಿಲ್ಲ. ಹುಳಿ... ಒಂಬತ್ತು ತಿಂಗಳು... ಬಾವಿಕಟ್ಟೆಯ ಚಿಕ್ಕಮ್ಮ... ಎಲ್ಲ ಒಟ್ಟಿಗೆ ಹೊಳೆಯಿತು. ಆದರೆ ವಿವರಿಸಿ ಹೇಳಲು ಹೊತ್ತೆಲ್ಲಿ? ಕೊಡತಿ ಯತೀಶನ ತಲೆಯ ನೇರಕ್ಕೆ ಎದ್ದಿತ್ತು!

ಮೋಕ್ಷಿತಾ ಹಾರಿ ಅಣ್ಣನ ಮುಂಗೈಗೆ ಹಲ್ಲು ಊರಿದಳು. ಬಾಯಿಗೆ ರಕ್ತ ಬಂದರೂ ಬಿಡಲಿಲ್ಲ. ಕೊಡತಿ ಜಾರಿತು. ಅದನ್ನೆತ್ತಿ, ಇದ್ದ ಶಕ್ತಿಯನ್ನೆಲ್ಲ ಸೇರಿಸಿ, ಒಡಹುಟ್ಟಿದವನ ಬಲದ ತೋಳಿಗೆ ಬಾರಿಸಿದಳು.

ಎಲುಬು ಮುರಿಯಿತು. ಸುಧೀರ್ ಚೀರಿ ಕುಸಿದ.

"ನನ್ ಹೊಟ್ಟೇಲಿ ಎಂತದೂ ಇಲ್ಲ!" ಅವಳು ಅರಚಿದಳು. "ಅದ್ ಬಾಟ್ಲಿಯ ಮಾತ್! ಬಾಟ್ಲಿ ಒಂಬತ್ತ್ ತಿಂಗ್ಳ್ ಮಲ್ಗ್ಕ್, ಹುಳಿ ಇಳೂಕೆ! ಈ ಮನ್ಷ ಇವತ್ತಿನವರಿಗೂ ನನ್ ಬೆರಳ್ ಮುಟ್ಲಿಲ್ಲ, ಗೊತ್ತಿತ್ತಾ ನಿಂಗೆ? ನಾನ್ ಒಂದ್ ತೊಟ್ಟೂ ನುಂಗ್ಲಿಲ್ಲ!"

ಸುಧೀರ್ ಮುಖ ಎತ್ತಿದ. ಒಡೆದ ಬಾಟ್ಲಿಗಳನ್ನು ಅವನು ಈಗಷ್ಟೇ ನೋಡುತ್ತಿದ್ದ.

"ಅಪ್ಪ ಕುಡ್ದ್ ಹೊಡೀತಿದ್ದ, ಅಣ್ಣ. ನೀನ್ ಕುಡೀದೇ ಹೊಡೂಕೆ ಕಲ್ತೆ."

ಅವನು ಮುರಿದ ಕೈಯನ್ನು ಎದೆಗೊತ್ತಿಕೊಂಡು ಮಗುವಿನ ಹಾಗೆ ಅಳತೊಡಗಿದ.

*

ಕುಂದಾಪುರದ ಆಸ್ಪತ್ರೆಯಲ್ಲಿ ಪೊಲೀಸರು ಬಂದಾಗ ಯತೀಶನಿಗೆ ಎಚ್ಚರವಿರಲಿಲ್ಲ. "ಜಾರಿ ಬಿದ್ದದ್ದ್ ಅಂತ ಹೇಳ್, ಹೆಣ್ಣೇ. ಅಣ್ಣ ಅಲ್ದನಾ?" ಎಂದು ಚಿಕ್ಕಮ್ಮ ಕೈ ಮುಗಿದು ಬೇಡಿದಳು.

ಮೋಕ್ಷಿತಾ ನಿಜವನ್ನೇ ಹೇಳಿದಳು. ತಾನು ಹೊಡೆದದ್ದನ್ನೂ ಬಿಡದೆ ಬರೆಸಿದಳು. ಸುಧೀರನೂ ಒಪ್ಪಿಕೊಂಡ. ಅಂದಿನಿಂದ ಚಿಕ್ಕಮ್ಮ ಅವಳೊಡನೆ ಮಾತು ಬಿಟ್ಟಳು. ಅಣ್ಣ ಜಾಮೀನಿನ ಮೇಲೆ ಮನೆಗೆ ಬಂದರೂ ಮೂವರಿಗೂ ಬೇರೆ ಬೇರೆ ಹೊತ್ತಿನಲ್ಲಿ ಊಟ.

ಯತೀಶ್ ಬದುಕಿದ. ಮೂಗು ನೆಟ್ಟಗಾಯಿತು. ಆದರೆ ಎಂಟನೇ ದಿನ ಅವಳು ಗಂಜಿ ತಂದಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ.

"ಇನ್ನ್ ಬರ್ಬೇಡಿ."

"ಎಂತಕ್ಕೆ?"

"ಬರ್ಬೇಡಿ ಅಂದ್ರೆ ಬರ್ಬೇಡಿ! ನಿಮ್ ಮನಿ ಸಹವಾಸ ಸಾಕ್ ನಂಗೆ!"

ಅವಳು ಗಂಜಿಯ ಪಾತ್ರೆ ಇಟ್ಟು ಹೊರಗೆ ಬಂದಳು. 'ಸರಿಯೇ ಇತ್ತಲ್ದಾ... ನನ್ನಣ್ಣನೇ ಕೊಲ್ಲುಕೆ ಹೋದದ್ದ್. ನನ್ ಮುಖ ಕಂಡ್ರೆ ಅವ್ರಿಗೆ ಆ ಕೊಡತಿಯೇ ನೆನಪಾಗುದೇನೋ...' ಬಸ್ಸಿನಲ್ಲಿ ಉಪ್ಪುಂದದವರೆಗೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಒಂದೂವರೆ ತಿಂಗಳು ಹೀಗೆ ಕಳೆಯಿತು. ಒಂದು ದಿನ ಬೆಳಿಗ್ಗೆ ಅವಳು ಭೂತಾಯಿ ಮೀನು ಮಾರುತ್ತಿದ್ದಲ್ಲಿಗೆ ಸುಧೀರ್ ಬಂದು ನಿಂತ, ಕೈ ಇನ್ನೂ ಪಟ್ಟಿಯಲ್ಲಿತ್ತು.

"ನಿನ್ನೆ ಬ್ರಹ್ಮಾವರಕ್ಕೆ, ಯತೀಶ್‌ರ ಮನಿಗೆ ಹೋಯಿದ್ದೆ, ಅವ್ರ್ ಕಾಲ್ ಹಿಡ್ಕಂಬುಕೆ." ಅವನು ನೆಲ ನೋಡುತ್ತ ಹೇಳಿದ. "ಅವ್ರ್ ನಂಗೆ ಒಂದ್ ಮಾತೂ ಬೈಲಿಲ್ಲ, ಮೋಕ್ಷಿ. ತಲಿಗ್ ಪೆಟ್ಟ್ ಬಿದ್ದ್ ವಾಸ್ನಿಯ ನರ ಹರ್ದಿತ್ತ್ ಅಂಬ್ರ್. ಅವ್ರಿಗೀಗ ಎಂತ ಮೂಸ್ರೂ ವಾಸ್ನಿ ಇಲ್ಲ. ಮತ್ತೆ ಬತ್ತೋ ಇಲ್ಯೋ ಡಾಕ್ಟ್ರಿಗೂ ಗೊತ್ತಿಲ್ಲ... ಆ ಮನ್ಷನ ಕೆಲ್ಸ, ಬದ್ಕ್ ಎಲ್ಲ ನಾನೇ ತೆಗ್ದೆ."

ಮೋಕ್ಷಿತಾ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಸ್ಕೂಟಿ ಸ್ಟಾರ್ಟ್ ಆಗಿತ್ತು!

ಹೆದ್ದಾರಿಯಲ್ಲಿ ಅವಳು ಹಾರನ್ ಹಾಕದ ಲಾರಿ ಇಲ್ಲ, ಬೈಯದ ಬಸ್ಸಿಲ್ಲ. ಕುಂಭಾಶಿಯಲ್ಲಿ ಆನೆಗುಡ್ಡೆ ಗಣಪತಿಯ ಗುಡಿಯ ಕಡೆಗೆ ಕೈಯೆತ್ತಿ ಮುಗಿದವಳು, ಕೇಳಿಕೊಂಡದ್ದು ಮಾತ್ರ ಜಗಳದ ದನಿಯಲ್ಲೇ. 'ಆ ಮನ್ಷ ಬ್ಯಾಡ ಅಂದ್ರೆ ಅನ್ಲಿ. ಆದ್ರೆ ಕಾರಣ ನನ್ ಮುಖ ಕಂಡ್ ಹೇಳ್ಕ್, ಗಣಪ್ಪಾ!'

*

ಬ್ರಹ್ಮಾವರದ ಅವನ ಮನೆಯ ಹಿತ್ತಲಿನಿಂದ ಗಾಜು ಒಡೆಯುವ ಸದ್ದು ಬರುತ್ತಿತ್ತು.

ಯತೀಶ್ ಹತ್ತು ವರ್ಷ ಕೂಡಿಟ್ಟ ಬಾಟ್ಲಿಗಳನ್ನು ಒಂದೊಂದಾಗಿ ಕಲ್ಲುಗೋಡೆಗೆ ಎಸೆಯುತ್ತಿದ್ದ. ಎಸೆಯುವುದು, ಬಗ್ಗಿ ಒದ್ದೆ ಗೋಡೆಗೆ ಮೂಗು ಒತ್ತಿ ಮೂಸುವುದು, ಏನೂ ಸಿಗದೆ ಹಣೆಯನ್ನೇ ಕಲ್ಲಿಗೆ ಜಜ್ಜಿಕೊಳ್ಳುವುದು... ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಎಂತ ಮಾಡ್ತಿದ್ರಿ ನೀವ್!"

ಅವಳು ಓಡಿಹೋಗಿ ಅವನ ಕೈ ಹಿಡಿದಳು. ಅವನು ಕೊಡವಿದ. ಅವಳು ಬಿಡಲಿಲ್ಲ. ಎಳೆದಾಟದಲ್ಲಿ ಬಾಟ್ಲಿ ಇಬ್ಬರ ಕೈಯ ನಡುವೆಯೇ ಒಡೆಯಿತು. ಇಬ್ಬರ ಅಂಗೈಯೂ ಸೀಳಿತು.

"ಹೋಗಿ ಇಲ್ಲಿಂದ! ನಾ ಹೇಳ್ಲಿಲ್ಯಾ ಬರ್ಬೇಡಿ ಅಂತ?"

ಅವಳು ಅವನ ಅಂಗಿಯ ಕಾಲರ್ ಹಿಡಿದು ಗೋಡೆಗೆ ಒತ್ತಿದಳು. "ನಮ್ ಮನಿ ಸಹವಾಸ ಸಾಕ್ ಅಂದ್ರಿ. ಸುಳ್ಳ್ ಅದ್! ನಿಜ ಹೇಳಿ! ವಾಸ್ನಿ ಹೋಯ್ತ್ ಅಂತ ನಂಗೆ ಎಂತಕ್ ಹೇಳ್ಲಿಲ್ಲ?"

"ಹೇಳಿ ಎಂತ ಮಾಡುದ್? ನಿಮ್ಗೆ ಕಲ್ಸಿ ಕೊಡುಕೆ ನನ್ ಹತ್ರ ಇನ್ನ್ ಎಂತ ಇತ್ತ್? ನಾಳೆ ಕೆಲ್ಸ ಹೋತ್ತ್. ಹಾಳಾಗ್ ಹೋಯ್ಲಿ ಕೆಲ್ಸ! ವೈನೂ ಹೋಯ್ಲಿ!" ಅವನ ಧ್ವನಿ ಒಡೆಯಿತು. "ಆಸ್ಪತ್ರೀಲಿ ಆ ದಿನ ನೀನ್ ಬಂದ್ ನನ್ ಹಿಂದೆಯೇ ನಿಂತಿದ್ದೆ. ನಂಗ್ ಗೊತ್ತೇ ಆಗ್ಲಿಲ್ಲ, ಮೋಕ್ಷಿತಾ! ಮುಂಚೆ ನೀನ್ ಹಿಂಬಾಗಿಲಿಗೆ ಬಪ್ಪು ಮೊದಲೇ ಗೊತ್ತಾತಿತ್ತ್. ಐಸ್, ತೆಂಗಿನೆಣ್ಣಿ, ಆ ಗಂಧದ ಸಾಬೂನ್... ಅದೆಲ್ಲ ಹೋಯ್ತ್. ಕಣ್ಣ್ ಮುಚ್ಚಿದ್ರೆ ನೀನ್ ಇಲ್ಲ. ಅದನ್ನ ತಡ್ಕಂಬುಕ್ ಆತಿಲ್ಲ ನನ್ನಿಂದ..."

ಮೊದಲ ಸಲ ಅವನ ಬಾಯಲ್ಲಿ 'ನೀನು' ಬಂದಿತ್ತು. ಇಬ್ಬರಿಗೂ ಅದು ತಿಳಿಯಿತು.

ಮೋಕ್ಷಿತಾಳ ಹಿಡಿತ ಸಡಿಲಾಯಿತು. ಕಾಲರ್ ಬಿಟ್ಟ ಕೈ ಅವನ ಹಣೆಯ ರಕ್ತ ಒರೆಸಿತು. ಸೆರಗಿನ ಅಂಚು ಹರಿದು ಅವನ ಅಂಗೈಗೆ ಕಟ್ಟಿದಳು. ಅವಳ ಕಣ್ಣೀರು ಆ ಕಟ್ಟಿನ ಮೇಲೇ ಬೀಳುತ್ತಿತ್ತು.

"ಇಷ್ಟ್ ದಿನ ಬಾಯಲ್ಲಿ ಎಂತ ಇಟ್ಕಂಡಿದ್ರಿ? ಒಂದ್ ಮಾತ್ ಹೇಳೂಕ್ ಆತಿರ್ಲಿಲ್ಯಾ?"

"ನೀನ್ ಹೇಳಿದ್ಯಾ?"

"ಇಲ್ಲ. ಈಗ ಹೇಳ್ತೆ." ಅವಳು ಮೂಗು ಒರೆಸಿಕೊಂಡಳು. "ನಂಗ್ ನೀವ್ ಬೇಕ್. ವೈನ್ ಇದ್ರೂ ಬೇಕ್, ಇಲ್ದಿದ್ರೂ ಬೇಕ್. ನಿಮ್ ಕೆಲ್ಸದಲ್ಲಿ ಮೂಸುದ್ ನಾನ್ ಮಾಡ್ತೆ, ಹೆಸ್ರ್ ಹೇಳುದ್ ನೀವ್ ಮಾಡಿ. ಆ ರೆಸಾರ್ಟಿನವ್ರ್ ಆತಿಲ್ಲ ಅಂದ್ರೆ ಬೇರೆ ಕಡೆ ಕಾಂಬ. ಆದ್ರೆ ಇನ್ನೊಂದ್ ಸಲ ಹೋಗ್ ಅಂದ್ರೆ ಮಾತ್ರ ನಾನ್ ಎಂತ ಮಾಡ್ತೆ ಅಂತ ನಂಗೇ ಗೊತ್ತಿಲ್ಲ!"

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಕಟ್ಟಿದ ಕೈಯಿಂದಲೇ ಅವಳನ್ನು ಬಳಸಿ, ಕೂದಲಿನಲ್ಲಿ ಮುಖ ಹುದುಗಿಸಿ ಉಸಿರೆಳೆದ. ಏನೂ ಸಿಗಲಿಲ್ಲ. ಆದರೂ ಬಿಡಲಿಲ್ಲ.

"ಎಂತ ವಾಸ್ನಿ ಬತ್ತಾ ಇತ್ತ್ ಈಗ? ಹೇಳ್," ಎಂದ, ಅವಳ ಕಿವಿಯ ಬಳಿ.

"ನಿಜ ಹೇಳ್ಕಾ?"

"ಹ್ಞೂಂ."

"ಬೆಳಿಗ್ಗೆ ಭೂತಾಯಿ ಮಾರ್ತಿದ್ದೆ. ಹಾಂಗೇ ಓಡಿ ಬಂದೆ. ಮೀಯಲೂ ಇಲ್ಲ." ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಬಸ್ಸಲ್ಲಿ ಬಂದಿದ್ರೆ ಕಂಡಕ್ಟ್ರೇ ಇಳ್ಸ್ತಿದ್ದ!"

ಯತೀಶನ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾನೆಂದು ಅವಳು ಹೆದರಿದಳು. ನೋಡಿದರೆ... ನಗುತ್ತಿದ್ದ! ಒಂದೂವರೆ ತಿಂಗಳಲ್ಲಿ ಮೊದಲ ಸಲ.

"ಹಾಂಗಾರೆ ಮೀನ್ ಮಾರು ಹೆಣ್ಣನ್ನ ಮದಿ ಆಪುಕೆ, ಊರಲ್ಲಿ ನನ್ನಷ್ಟ್ ಲಾಯ್ಕ್ ಗಂಡ್ ಮತ್ತೊಬ್ಬ ಇಲ್ಲ," ಎಂದ.

"ಅದನ್ನೇ ಹೇಳುಕೆ ಬಂದದ್ದ್ ನಾನ್."

"ಮತ್ತೆ? ಆಪನಾ ಮದಿ?"

"ಮೊದ್ಲ್ ಹಣಿಗೆ ಹೊಲ್ಗಿ ಹಾಕ್ಸ್ಕಂಬ, ನಡೀನಿ," ಎಂದಳು ಮೋಕ್ಷಿತಾ, ಅವನ ಎದೆಯಿಂದ ಮುಖ ಎತ್ತದೆ.